ವೇಲ್ಸ್‌ನ ಬೂದು ಕುರಿನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುರಿ ಕಾಯುವ ವಿಲಾಯಿತಿ ನಾಯಿ ಎಂದೊಡನೆ ಕಪ್ಪು-ಬಿಳುಪಿನ ಬಾರ್ಡರ್ ಕಾಲಿ ನೆನಪಾಗುತ್ತದೆ. ಅದು ಎಲ್ಲೆಡೆ ಹಬ್ಬುವ ಮುಂಚೆ ಬ್ರಿಟನ್ನಿನಲ್ಲಿ ಸೀಮೆಗೊಂದು ಬಗೆಯ ಕುರಿನಾಯಿ ಇತ್ತು. ವೇಲ್ಸ್‌ನ ಗುಡ್ಡಗಳಲ್ಲಿ ದುಡಿದು, ಇಪ್ಪತ್ತನೆಯ ಶತಮಾನದಲ್ಲಿ ಇಲ್ಲವಾದ ಬೂದು ನಾಯಿಯ ಬಗ್ಗೆ ನಾಯಿಪ್ರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಇದು ಯಾವ ನಾಯಿ? ನೋಡಲು ಹೇಗಿತ್ತು?

ಇದನ್ನು ಓಲ್ಡ್ ವೆಲ್ಶ್ ಗ್ರೇ ಎಂದು ಕರೆಯುತ್ತಾರೆ. ಮೈತುಂಬ ಒರಟು ಜೂಲು, ಗದ್ದದಡಿ ಗಡ್ಡ, ಕಣ್ಣಮೇಲೆ ಇಳಿಬಿದ್ದ ಹುಬ್ಬು, ಬೂದು ಬಣ್ಣ. ಈಗಿನ ಬಿಯರ್ಡೆಡ್ ಕಾಲಿಯನ್ನು ಕಂಡವರಿಗೆ ಇಷ್ಟರಲ್ಲೇ ಅಂದಾಜು ಸಿಗುತ್ತದೆ. ಆದರೆ ಡಾಗ್ ಶೋಗಳಲ್ಲಿ ನೆಲ ಗುಡಿಸುವಂತೆ ಬಾಚಿ ಬಿಟ್ಟ ಕೂದಲನ್ನು ಇದಕ್ಕೆ ಅಂಟಿಸಿಕೊಂಡು ಊಹಿಸಬೇಡಿ. ಮಳೆ, ಮಂಜು, ಮುಳ್ಳುಪೊದೆಗಳಲ್ಲಿ ದಿನವಿಡೀ ಓಡುವ ನಾಯಿಗೆ ಅಂಥ ಕೂದಲು ಹೊರೆಯೇ ಸರಿ.

ಇನ್ನೊಂದು ವಿಷಯ. ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಹೆಸರನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ಕಾಯ್ದ ತಳಿ ಇದಾಗಿರಲಿಲ್ಲ. ಒಂದು ಕಣಿವೆಯ ರೈತರು ತಮ್ಮ ಕೆಲಸಕ್ಕೆ ಒದಗುವ ನಾಯಿಗಳನ್ನು ಕೂಡಿಸಿ, ಒಳ್ಳೆಯ ಮರಿಗಳನ್ನು ಉಳಿಸಿಕೊಳ್ಳುತ್ತ ಹೋದಾಗ ತಲೆಮಾರುಗಳಲ್ಲಿ ತಾನೇ ರೂಪುಗೊಂಡ ನಾಟಿ ನಾಯಿ ಅದು. ಅದರ ಬಾಳಿಗೂ ಅಳಿವಿಗೂ ಈ ಸಂಗತಿಯೇ ಕಾರಣ ಎಂದು ನನಗೆ ತೋರುತ್ತದೆ. ಮುಂದಿನ ಉತ್ತರಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ವೇಲ್ಸ್‌ನಲ್ಲಿ ಇದೊಂದೇ ಬಗೆಯ ಕುರಿನಾಯಿ ಇತ್ತೆ?

ಇಲ್ಲ. ಕಪ್ಪು ಮೈಗೆ ಕಂದು ಗುರುತುಗಳಿದ್ದ, ಮೈಗಂಟಿದ ಕೂದಲಿನ ಚುರುಕು ನಾಯಿಯೊಂದಿತ್ತು. ವೆಲ್ಶ್ ಹಿಲ್‌ಮನ್ ಎಂಬ ಎತ್ತರದ, ಉದ್ದ ಕಾಲಿನ ಗುಡ್ಡದ ನಾಯಿ ಇತ್ತು. ಈ ಎರಡನ್ನೂ ಇವತ್ತು ಅಳಿದವುಗಳ ಸಾಲಿಗೇ ಸೇರಿಸುತ್ತಾರೆ. ದನದ ಹಿಮ್ಮಡಿ ಕಚ್ಚಿ ಅಟ್ಟುವ ಗಿಡ್ಡ ಕಾಲಿನ ಕಾರ್ಗಿ ಮಾತ್ರ ಜಗತ್ತಿಗೆಲ್ಲ ಗೊತ್ತು. ಬ್ರಿಟನ್ನಿನಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ 1934ರಲ್ಲಿ ಪೆಂಬ್ರೋಕ್ ಮತ್ತು ಕಾರ್ಡಿಗನ್ ಕಾರ್ಗಿಗಳನ್ನು ಬೇರೆ ಬೇರೆ ತಳಿಗಳೆಂದು ದಾಖಲಿಸಿತು. ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಜೀವನವಿಡೀ ಪೆಂಬ್ರೋಕ್ ಕಾರ್ಗಿಗಳನ್ನು ಸಾಕಿದ್ದರಿಂದ ಅವು ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡವು. ಅದೇ ನಾಡಿನ ಗುಡ್ಡಗಳಲ್ಲಿದ್ದ ಬೂದು ನಾಯಿಗೆ ಅಂಥ ಅದೃಷ್ಟ ಒದಗಲಿಲ್ಲ.

ವೇಲ್ಸ್‌ನಲ್ಲಿ ಮಂದೆನಾಯಿಯ ಇತಿಹಾಸ ಎಷ್ಟು ಹಿಂದಕ್ಕೆ ಹೋಗುತ್ತದೆ?

ಕನಿಷ್ಠ ಸಾವಿರ ವರ್ಷ ಎನ್ನಬಹುದು. ಹತ್ತನೆಯ ಶತಮಾನದಲ್ಲಿ ವೇಲ್ಸ್‌ನ ಬಹುಭಾಗ ಆಳಿದ ಹೊವೆಲ್ ದಾ ಎಂಬ ಅರಸನ ಹೆಸರಿನಲ್ಲಿ ಒಂದು ಕಾನೂನು ಸಂಹಿತೆ ಇದೆ. ನಮಗೆ ಸಿಕ್ಕಿರುವ ಅದರ ಹಸ್ತಪ್ರತಿಗಳು ಹದಿಮೂರನೆಯ ಶತಮಾನದಿಂದ ಈಚಿನವು. ಅದರಲ್ಲಿ ಪ್ರತಿಯೊಂದು ಪ್ರಾಣಿಗೂ ಬೆಲೆ ಕಟ್ಟಿದೆ, ನಾಯಿಗಳಿಗೂ. ಸುಮ್ಮನೆ ಅಂಗಳದಲ್ಲಿ ಬಿದ್ದಿರುವ ನಾಯಿ ಅರಸನದೇ ಆಗಿರಲಿ, ಅದರ ಬೆಲೆ ನಾಲ್ಕು ಪೆನ್ನಿ. ಅದೇ ಮಂದೆ ಕಾಯುವ ನಾಯಿಯಾದರೆ ಒಂದು ಎತ್ತಿನ ಬೆಲೆ!

ಅದು ಮಂದೆನಾಯಿಯೇ ಹೌದೋ ಅಲ್ಲವೋ ಎಂಬ ತಕರಾರು ಬಂದರೆ ಏನು ಮಾಡಬೇಕೆಂದೂ ಹೇಳಿದೆ. ಬೆಳಗ್ಗೆ ಮಂದೆಯ ಮುಂದೆ ಹೊರಡುತ್ತದೆ, ಸಂಜೆ ಮಂದೆಯ ಹಿಂದೆ ಮನೆಗೆ ಬರುತ್ತದೆ ಎಂದು ನಾಯಿಯ ಯಜಮಾನ ಪ್ರಮಾಣ ಮಾಡಬೇಕು, ಅಕ್ಕಪಕ್ಕದ ಮನೆಯವರೂ ಅವನ ಜೊತೆ ನಿಂತು ಪ್ರಮಾಣ ಮಾಡಬೇಕು. ಬಣ್ಣ, ಎತ್ತರ, ಕಿವಿಯ ಆಕಾರ ಯಾವುದನ್ನೂ ಅಲ್ಲಿ ಕೇಳುವುದಿಲ್ಲ. ಕೆಲಸ ಮಾಡುತ್ತದೆಯೇ, ನೆರೆಹೊರೆಯವರು ಕಂಡಿದ್ದಾರೆಯೇ? ಅಷ್ಟು ಸಾಕು. ನಾಯಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಬೇರೆ ಯಾವ ಕಾನೂನಿನಲ್ಲೂ ಓದಿಲ್ಲ.

ಗುಡ್ಡದಲ್ಲಿ ಅದರ ಕೆಲಸ ಏನಿತ್ತು?

ವೇಲ್ಸ್‌ನ ಹಳೆಯ ಬೇಸಾಯ ಎರಡು ಮನೆಗಳ ಬೇಸಾಯ. ಚಳಿಗಾಲಕ್ಕೆ ಕಣಿವೆಯ ಹೆಂದ್ರೆ, ಬೇಸಿಗೆಗೆ ಮೇಲುಗುಡ್ಡದ ಹಾವೊಡ್. ಮೇ ತಿಂಗಳ ಮೊದಲಲ್ಲಿ ದನ-ಕುರಿಗಳೊಡನೆ ಮೇಲೆ ಹತ್ತಿ, ಚಳಿಗಾಲದ ಬಾಗಿಲಲ್ಲಿ ಕೆಳಗಿಳಿಯುತ್ತಿದ್ದರು. ಇವತ್ತಿಗೂ ವೇಲ್ಸ್‌ನ ಊರು, ಹೊಲಮನೆಗಳ ಹೆಸರುಗಳಲ್ಲಿ ಈ ಎರಡು ಮಾತುಗಳು ಉಳಿದಿವೆ. ಬೇಲಿಯಿಲ್ಲದ ಗುಡ್ಡದಲ್ಲಿ ಕುರಿಗಳು ತಾಯಿಯಿಂದ ಮರಿ ಕಲಿತಂತೆ ತಮ್ಮ ತಮ್ಮ ಮೇವಿನ ಜಾಗಕ್ಕೇ ಅಂಟಿಕೊಂಡಿರುತ್ತವೆ. ಆದರೂ ಉಣ್ಣೆ ಕತ್ತರಿಸಲು, ಮರಿಗಳನ್ನು ಬೇರ್ಪಡಿಸಲು, ಚಳಿಗಾಲಕ್ಕೆ ಇಳಿಸಲು ಅವನ್ನೆಲ್ಲ ಒಟ್ಟುಗೂಡಿಸಲೇಬೇಕು.

ಈ ಒಟ್ಟುಗೂಡಿಸುವಿಕೆಯೇ ನಾಯಿಗೆ ಪರೀಕ್ಷೆ. ವೇಲ್ಸ್‌ನ ಗುಡ್ಡದ ಕುರಿ ಸಣ್ಣದು, ಕಾಡುಪ್ರಾಣಿಯಷ್ಟೇ ಚುರುಕು. ಇಳಿಜಾರಿನಲ್ಲೆಲ್ಲ ಎದೆಯೆತ್ತರದ ಜರಿಗಿಡ ಬೆಳೆದಿರುತ್ತದೆ. ಅದರೊಳಗೆ ಅಡಗಿದ ಕುರಿಗೆ ನಾಯಿ ಕಾಣುವುದಿಲ್ಲ, ಕೆಳಗೆ ನಿಂತ ರೈತನಿಗೆ ಎರಡೂ ಕಾಣುವುದಿಲ್ಲ. ಅಂಥಲ್ಲಿ ಬೊಗಳುವ ನಾಯಿಯೇ ಬೇಕು: ಸದ್ದಿಗೆ ಕುರಿ ಎದ್ದು ಹೊರಡುತ್ತದೆ, ನಾಯಿ ಎಲ್ಲಿದೆಯೆಂದು ಯಜಮಾನನಿಗೂ ಗೊತ್ತಾಗುತ್ತದೆ. ಮಾತು ಕೇಳಿಸದಷ್ಟು ದೂರದಲ್ಲಿ ಅದು ತನ್ನ ಬುದ್ಧಿಯಿಂದಲೇ ಕೆಲಸ ನಿಭಾಯಿಸಬೇಕು. ಹಿಂದುಳಿದ ಕುರಿಯನ್ನು ನೆನಪಿಟ್ಟು ಮರಳಿ ಹುಡುಕಬೇಕು, ದಾರಿ ಕವಲೊಡೆದಲ್ಲಿ ಮೊದಲೇ ಓಡಿ ಅಡ್ಡ ನಿಲ್ಲಬೇಕು. ಸೀಟಿ ಹೊಡೆದಂತೆ ಎಡಕ್ಕೆ ಬಲಕ್ಕೆ ತಿರುಗುವುದಷ್ಟೇ ಗೊತ್ತಿದ್ದ ನಾಯಿ ಅಲ್ಲಿ ಉಪಯೋಗಕ್ಕೆ ಬಾರದು.

ಹಾಗಾದರೆ ಬಾರ್ಡರ್ ಕಾಲಿಗೂ ಇದಕ್ಕೂ ಏನು ವ್ಯತ್ಯಾಸ?

ಬಾರ್ಡರ್ ಕಾಲಿ ತಲೆ ತಗ್ಗಿಸಿ, ಮೈ ನೆಲಕ್ಕಿಳಿಸಿ, ಕುರಿಯ ಮೇಲೆ ದಿಟ್ಟಿ ನೆಟ್ಟು ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುತ್ತದೆ. ಬೇಟೆಗೆ ಹೊಂಚುವ ತೋಳದ ನಡೆ ಅದು; ಕಚ್ಚುವ ಕೊನೆಯ ಹಂತವನ್ನು ಮಾತ್ರ ತೆಗೆದಿದೆ. ಹೆಚ್ಚಾಗಿ ಬೊಗಳುವುದಿಲ್ಲ. ವೆಲ್ಶ್ ನಾಯಿಗಳು ತಲೆಯೆತ್ತಿ, ಬಾಲವೆತ್ತಿ, ನೆಟ್ಟಗೆ ನಿಂತೇ ಕೆಲಸ ಮಾಡುತ್ತವೆ. ದಿಟ್ಟಿಯಿಂದ ಕಟ್ಟಿಹಾಕುವುದರ ಬದಲು ಓಡಾಟದಿಂದ, ದನಿಯಿಂದ ಹಿಂಡನ್ನು ಸಾಗಿಸುತ್ತವೆ. ಇನ್ನೂರು ಕುರಿಗಳನ್ನು ರಸ್ತೆಯುದ್ದಕ್ಕೂ ಹೊಡೆದುಕೊಂಡು ಹೋಗುವುದಾದರೆ ನನ್ನ ಮತ ಎರಡನೆಯದಕ್ಕೇ. ನಾಲ್ಕು ಕುರಿಗಳನ್ನು ಸಣ್ಣ ದೊಡ್ಡಿಯೊಳಗೆ ನಾಜೂಕಾಗಿ ಸೇರಿಸಬೇಕಾದರೆ ಮೊದಲನೆಯದನ್ನು ಮೀರಿಸುವ ನಾಯಿ ಇಲ್ಲ. ಈ ನಾಲ್ಕು ಕುರಿಗಳ ಲೆಕ್ಕ ಬೂದು ನಾಯಿಯ ಕಥೆಯಲ್ಲಿ ಮತ್ತೆ ಬರುತ್ತದೆ.

ಡ್ರೋವರ್‌ಗಳ ಜೊತೆ ಈ ನಾಯಿಗಳು ಲಂಡನ್ನಿನವರೆಗೆ ಹೋಗುತ್ತಿದ್ದವು ಎನ್ನುತ್ತಾರಲ್ಲ, ನಿಜವೇ?

ನಿಜ. ರೈಲು ಬರುವ ಮುಂಚೆ ವೇಲ್ಸ್‌ನ ದನ-ಕುರಿಗಳು ನಡೆದೇ ಇಂಗ್ಲೆಂಡಿನ ಸಂತೆಗಳನ್ನು ಸೇರಬೇಕಿತ್ತು. ಲಂಡನ್ನಿನ ಸ್ಮಿತ್‌ಫೀಲ್ಡ್, ಅದರ ಉತ್ತರಕ್ಕಿರುವ ಬಾರ್ನೆಟ್ ಜಾತ್ರೆ, ಕೆಂಟ್ ಮತ್ತು ಎಸೆಕ್ಸಿನ ಹುಲ್ಲುಗಾವಲುಗಳು ಎಲ್ಲ ಇನ್ನೂರು ಮೈಲಿಗೂ ಮೀರಿದ ದಾರಿ. ದಿನಕ್ಕೆ 15ರಿಂದ 20 ಮೈಲಿ ನಡಿಗೆ. ರೈತರಿಂದ ಪ್ರಾಣಿಗಳನ್ನು ಕೂಡಿಸಿಕೊಂಡು ಹೋಗಿ ಮಾರಿ, ಹಣ ತಂದು ಒಪ್ಪಿಸುವ ಈ ಡ್ರೋವರ್‌ಗಳು ಊರಿನ ನಂಬಿಕಸ್ಥರಾಗಿರಬೇಕಿತ್ತು. ಅವರ ದುಡ್ಡಿನ ಓಡಾಟದಿಂದಲೇ ಬ್ಯಾಂಕುಗಳು ಹುಟ್ಟಿದವು. ಲಾಂಡೊವರಿ ಊರಿನಲ್ಲಿ ಡೇವಿಡ್ ಜೋನ್ಸ್ 1799ರಲ್ಲಿ ತೆರೆದ ಕಪ್ಪು ಎತ್ತಿನ ಬ್ಯಾಂಕ್ ಹೆಸರಾಂತದ್ದು. 1909ರಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಹೊರಡುವ ಮುಂಚೆ ದನಗಳಿಗೆ ಲಾಳ ಕಟ್ಟಿಸುತ್ತಿದ್ದರು. ಸೀಳುಗೊರಸಾದ್ದರಿಂದ ಕಾಲಿಗೆ ಎರಡರಂತೆ ಒಂದು ದನಕ್ಕೆ ಎಂಟು ತುಂಡು. ಹೆಬ್ಬಾತುಗಳನ್ನು ನಡೆಸಿಕೊಂಡು ಹೋಗುವುದಾದರೆ ಅವುಗಳ ಪಾದಕ್ಕೆ ಡಾಂಬರು, ಮರಳು ಮೆತ್ತಿಸುತ್ತಿದ್ದರು. 1826ರಲ್ಲಿ ಮೆನೈ ತೂಗುಸೇತುವೆ ತೆರೆಯುವವರೆಗೆ ಆಂಗಲ್ಸಿ ದ್ವೀಪದ ದನಗಳು ಕಡಲ ಕಾಲುವೆಯನ್ನು ಈಜಿಯೇ ದಾಟಬೇಕಿತ್ತು. ನೂರಾರು ಕೊಂಬುಗಳ ಈ ಮೆರವಣಿಗೆಯನ್ನು ಕೆಲವೇ ಗಂಡಸರು ನಡೆಸಿದ್ದು ನಾಯಿಗಳ ಬಲದಿಂದ. ಹಾದಿಬದಿಯ ಹೊಲಗಳಿಗೆ ನುಗ್ಗದಂತೆ ಅಂಚು ಕಾಯುವುದು, ದಾರಿಯಲ್ಲಿ ಸಿಗುವ ಊರ ದನಗಳು ತಮ್ಮ ಹಿಂಡಿಗೆ ಬೆರೆಯದಂತೆ ನೋಡಿಕೊಳ್ಳುವುದು, ಇರುಳು ಕಾವಲು ಎಲ್ಲವೂ ಅವುಗಳದೇ.

ಮಾರಾಟ ಮುಗಿದ ಮೇಲೆ ಡ್ರೋವರ್ ಸಂತೆಯೂರಿನಲ್ಲೇ ಉಳಿದು, ನಾಯಿ ಬಂದ ದಾರಿಯನ್ನೇ ಹಿಡಿದು ತಾನೊಂದೇ ಮನೆಗೆ ಮರಳುತ್ತಿತ್ತು ಎಂಬ ಕಥೆಗಳು ವೇಲ್ಸ್‌ನಲ್ಲಿ ಬಹಳ. ಕಾರ್ಲೊ ಎಂಬ ನಾಯಿಯ ಕಥೆಯಂತೂ ಮನೆಮಾತು. ಅದರ ಯಜಮಾನ ಕೆಂಟಿನಲ್ಲಿ ಕುದುರೆಯನ್ನೂ ಮಾರಿ, ಜೀನನ್ನು ನಾಯಿಯ ಬೆನ್ನಿಗೆ ಕಟ್ಟಿ, ದಾರಿಯ ಛತ್ರದವರು ಇದಕ್ಕೆ ಊಟ ಹಾಕಬೇಕೆಂದು ಚೀಟಿ ಬರೆದು ಕಳಿಸಿದನಂತೆ. ಕಾರ್ಲೊ ಜೀನಿನ ಸಮೇತ ಮನೆ ತಲುಪಿತಂತೆ. ಕಥೆಗೆ ಬಾಯಿಂದ ಬಾಯಿಗೆ ಬಣ್ಣ ಏರಿರಬಹುದು. ಆದರೆ ವರ್ಷಕ್ಕೆ ಹಲವು ಸಲ ಅದೇ ದಾರಿಯಲ್ಲಿ, ಅದೇ ಛತ್ರಗಳಲ್ಲಿ ತಂಗಿ ನಡೆದ ನಾಯಿಗೆ ಮನೆ ಗುರುತು ಸಿಗುವುದು ಅಚ್ಚರಿಯಲ್ಲ.

ಅದು ಅಳಿದದ್ದು ಹೇಗೆ? ರೋಗ ಬಂತೆ?

ರೋಗವಲ್ಲ. ಯಾರೂ ಕೊಲ್ಲಲೂ ಇಲ್ಲ. ಮೊದಲು ಅದರ ಕೆಲಸ ಕೈಬಿಟ್ಟಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರೈಲು ಹಳಿಗಳು ವೇಲ್ಸ್‌ನ ಒಳನಾಡಿಗೆ ತಲುಪಿದವು. ಮೂರು ವಾರ ನಡೆದು, ಮೈ ಇಳಿದು ಸಂತೆ ಸೇರುತ್ತಿದ್ದ ದನ ಒಂದೇ ದಿನದಲ್ಲಿ ಕೊಬ್ಬು ಕರಗದೆ ತಲುಪತೊಡಗಿತು. ಕೆಲವು ದಶಕಗಳಲ್ಲಿ ಡ್ರೋವರ್‌ಗಳ ಕಸುಬು ಮುಗಿಯಿತು. ದೂರದ ದಾರಿಗೆ ಬೇಕಾಗಿದ್ದ ಗಟ್ಟಿ ಮೈಯ, ದೊಡ್ಡ ದನಿಯ ನಾಯಿಗೆ ಬೇಡಿಕೆ ಕುಸಿಯಿತು.

ಎರಡನೆಯ ಪೆಟ್ಟು ವೇಲ್ಸ್‌ನ ಒಳಗೇ ಶುರುವಾಯಿತು. 1873ರ ಅಕ್ಟೋಬರ್ 9ರಂದು ಬಾಲಾ ಊರಿನ ಬಳಿ ರಿವ್ಲಾಸ್ ಎಸ್ಟೇಟಿನ ಒಡೆಯ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್ ಕುರಿನಾಯಿಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದ. ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಸ್ಪರ್ಧೆ ಅದೇ. ಹತ್ತು ನಾಯಿಗಳು ಕಣಕ್ಕಿಳಿದವು, ಮುನ್ನೂರರಷ್ಟು ಜನ ನೋಡಲು ಸೇರಿದ್ದರು. ಗೆದ್ದದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನ ಟ್ವೀಡ್ ಎಂಬ ನಾಯಿ. ಅದೂ ಸ್ಕಾಟಿಷ್ ಸಂತತಿಯದೇ. ಮೂರು ವರ್ಷದ ನಂತರ ಪ್ರೈಸ್ ನೂರು ವೆಲ್ಶ್ ಕುರಿಗಳನ್ನು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸಿಗೆ ಒಯ್ದು ಅಲ್ಲಿಯೂ ಸ್ಪರ್ಧೆ ನಡೆಸಿದ.

ಸ್ಪರ್ಧೆಯ ಅಂಗಳ ತೆರೆದ ಹುಲ್ಲುಗಾವಲು, ಅಲ್ಲಿ ಕೆಲವೇ ಕುರಿ, ನೋಡಲು ತೀರ್ಪುಗಾರರು. ಮೌನವಾಗಿ, ಅಚ್ಚುಕಟ್ಟಾಗಿ, ಸೀಟಿಯ ಒಂದೊಂದು ಸದ್ದಿಗೂ ತಿರುಗುವ ನಾಯಿಗೆ ಅಂಕ. ಜರಿಗಿಡದೊಳಗಿಂದ ಬೊಗಳಿ ಕುರಿ ಎಬ್ಬಿಸುವ ಜಾಣತನಕ್ಕೆ ಅಲ್ಲಿ ಜಾಗವೇ ಇಲ್ಲ. 1893ರಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿನಾಡಾದ ನಾರ್ತಂಬರ್‌ಲೆಂಡಿನ ಆಡಮ್ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹೆಂಪ್ ಎಂಬ ಗಂಡುಮರಿ ಹುಟ್ಟಿತು. ಅದರ ಶಾಂತ, ಬಿಗಿದಿಟ್ಟಿಯ ಕೆಲಸ ನೋಡಿ ಸುತ್ತಲಿನವರೆಲ್ಲ ತಮ್ಮ ಹೆಣ್ಣುನಾಯಿಗಳನ್ನು ಅಲ್ಲಿಗೆ ತಂದರು. ಇವತ್ತಿನ ಬಾರ್ಡರ್ ಕಾಲಿಗಳ ವಂಶವೃಕ್ಷದಲ್ಲಿ ಮೇಲಕ್ಕೆ ಹೋದಷ್ಟೂ ಹೆಂಪ್ ಸಿಗುತ್ತದೆ. 1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್‌ಡಾಗ್ ಸೊಸೈಟಿ ಹುಟ್ಟಿತು, ಆಮೇಲೆ ಅದರ ವಂಶಾವಳಿ ಪುಸ್ತಕವೂ ಬಂತು. ಆ ಪುಸ್ತಕದಲ್ಲಿ ಹೆಸರಿದ್ದ ನಾಯಿಯ ಮರಿಗೆ ಬೆಲೆ ಬಂತು. ವೆಲ್ಶ್ ರೈತರೂ ಅಂಥ ಮರಿ ಕೊಂಡರು. ಅವರನ್ನು ದೂರಲಾರೆ, ಒಳ್ಳೆಯ ಕೆಲಸಗಾರ ನಾಯಿ ಸಿಕ್ಕಿದರೆ ಯಾವ ರೈತ ಬಿಟ್ಟಾನು? ಮನೆಯ ಬೂದು ಹೆಣ್ಣುನಾಯಿಗೆ ಗಡಿನಾಡಿನ ಗಂಡುನಾಯಿ ಕೂಡಿತು. ಮೊಮ್ಮರಿಗಳ ಹೊತ್ತಿಗೆ ಜೂಲು ಹೋಯಿತು, ದನಿಯೂ ತಗ್ಗಿತು.

ಎತ್ತಿನ ಬೆಲೆಯ ನಾಯಿ ಎಂದು ಅರಸನ ಕಾನೂನು ಒಪ್ಪಿದ್ದು ನೆರೆಯವರ ಬಾಯಿಮಾತಿನ ಮೇಲೆ. ಇಪ್ಪತ್ತನೆಯ ಶತಮಾನದಲ್ಲಿ ಬಾಯಿಮಾತು ಸಾಲದಾಯಿತು, ಕಾಗದ ಬೇಕಾಯಿತು. ಬೂದು ನಾಯಿಯ ಹೆಸರಿನಲ್ಲಿ ಅಂಥ ಕಾಗದ ಮಾಡಿಸುವವರು ಸಮಯಕ್ಕೆ ಬರಲಿಲ್ಲ. ಈ ಕಥೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಕೊನೆಯ ಬೂದು ನಾಯಿ ಸತ್ತದ್ದು ಯಾವಾಗ?

ಇಂಥ ಅಳಿವಿಗೆ ಕೊನೆಯ ದಿನ ಎಂಬುದು ಇರುವುದಿಲ್ಲ. ಡೋಡೊ ಹಕ್ಕಿಯ ಹಾಗೆ ಒಂದು ಜೀವಜಾತಿ ಮುಗಿದದ್ದಲ್ಲ ಇದು. ರಕ್ತ ಬೇರೆ ನಾಯಿಗಳಲ್ಲಿ ಕರಗಿ, ಆ ರೂಪ ಮತ್ತು ಆ ಕೆಲಸದ ರೀತಿ ಒಟ್ಟಿಗೆ ಸಿಗದಂತಾದದ್ದು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗಾಗಲೇ ಅದು ಅಪರೂಪವಾಗಿತ್ತು.

ಅದರಂತೆಯೇ ಇದ್ದ ಬಿಯರ್ಡೆಡ್ ಕಾಲಿ ಉಳಿದುಕೊಂಡಿತಲ್ಲ, ಅದು ಹೇಗೆ?

ಒಬ್ಬ ಹೆಣ್ಣುಮಗಳ ಹಟದಿಂದ. 1944ರಲ್ಲಿ ಇಂಗ್ಲೆಂಡಿನ ಒಲಿವ್ ವಿಲ್ಲಿಸನ್ ಒಂದು ಶೆಟ್ಲೆಂಡ್ ಶೀಪ್‌ಡಾಗ್ ಮರಿ ಬೇಕೆಂದು ಬರೆದಿದ್ದರು. ಅವರ ಕೈಸೇರಿದ್ದು ಬೇರೆಯೇ ಒಂದು ಜೂಲುಮರಿ. ಅದಕ್ಕೆ ಜೀನಿ ಎಂದು ಹೆಸರಿಟ್ಟರು. ಬೆಳೆದಂತೆ ಅದರ ಬುದ್ಧಿ, ನಡತೆ ಕಂಡು ಮನಸೋತ ಅವರು ಈ ಬಗೆ ಉಳಿಯಬೇಕೆಂದು ಗಂಡುನಾಯಿಗಾಗಿ ಹುಡುಕಾಡಿದರು. ಕೊನೆಗೆ ಹೋವ್ ಊರಿನ ಕಡಲತೀರದಲ್ಲಿ ಬೇಯ್ಲಿ ಎಂಬ ನಾಯಿ ಕಣ್ಣಿಗೆ ಬಿತ್ತು. ಅದರ ಯಜಮಾನ ದೇಶ ಬಿಟ್ಟು ಹೊರಟಿದ್ದರಿಂದ ಅದು ವಿಲ್ಲಿಸನ್ನರಿಗೆ ದಕ್ಕಿತು. ಇವತ್ತಿನ ಬಿಯರ್ಡೆಡ್ ಕಾಲಿಗಳಲ್ಲಿ ಬಹುಪಾಲು ಈ ಜೋಡಿಯ ವಂಶದವು.

ಅಂದರೆ ಒಂದು ಜೋಡಿ, ಒಂದು ನೋಂದಣಿ ಪುಸ್ತಕ, ಬಿಡದೆ ಬೆನ್ನುಹತ್ತಿದ ಒಬ್ಬರು ಇದ್ದರೆ ಸಾಕಿತ್ತು. ಹಾಗೆ ಉಳಿದ ನಾಯಿಯ ಬಹುಪಾಲು ಮನೆಯ ಸೋಫಾಕ್ಕೂ ಪ್ರದರ್ಶನದ ವೇದಿಕೆಗೂ ಹೋಯಿತೆಂಬುದೂ ನಿಜ. ಆದರೂ ಇರುವುದು ಇಲ್ಲದಿರುವುದಕ್ಕಿಂತ ಮೇಲು.

ದಕ್ಷಿಣ ಅಮೆರಿಕದಲ್ಲಿ ಇದರ ಸಂಬಂಧಿಕರು ಇದ್ದಾರೆ ಎಂಬುದು ನಿಜವೇ?

1865ರ ಜುಲೈ 28ರಂದು ಮಿಮೋಸಾ ಎಂಬ ಹಡಗಿನಲ್ಲಿ ನೂರೈವತ್ತರಷ್ಟು ವೆಲ್ಶ್ ಜನ ಅರ್ಜೆಂಟೀನಾದ ಪಟಗೋನಿಯಾ ತೀರಕ್ಕೆ ಬಂದಿಳಿದರು. ತಮ್ಮ ನುಡಿ, ತಮ್ಮ ಪ್ರಾರ್ಥನೆ ಉಳಿಸಿಕೊಳ್ಳಲು ಅಷ್ಟು ದೂರ ಹೋದವರು. ಚುಬುತ್ ಕಣಿವೆಯಲ್ಲಿ ಇವತ್ತಿಗೂ ವೆಲ್ಶ್ ಮಾತು ಕೇಳುತ್ತದೆ. ಆಮೇಲಿನ ದಶಕಗಳಲ್ಲಿ ಫಾಕ್‌ಲೆಂಡ್ ದ್ವೀಪಗಳಿಂದ ಕುರಿ ತರಿಸಿ ಆ ದಕ್ಷಿಣದ ಬಯಲುಗಳಲ್ಲಿ ದೊಡ್ಡ ದೊಡ್ಡ ಕುರಿ ಎಸ್ಟೇಟುಗಳು ಎದ್ದವು. ಬ್ರಿಟಿಷ್ ಕುರಿಗಾಹಿಗಳೊಡನೆ ಅವರ ನಾಯಿಗಳೂ ಹೋದವು. ಅಲ್ಲಿನ ಜೂಲುನಾಯಿ ಬಾರ್ಬುಚೊವನ್ನು ನೋಡಿದವರು ಇದು ಬೂದು ವೆಲ್ಶ್ ನಾಯಿಯ ಪೀಳಿಗೆಯೇ ಇರಬೇಕು ಎನ್ನುತ್ತಾರೆ. ಹಾಗೆನ್ನಲು ಆಧಾರ ರೂಪಸಾಮ್ಯ ಮತ್ತು ವಲಸೆಯ ಇತಿಹಾಸ.

ಚಿಲಿ ಬದಿಯ ಪಟಗೋನಿಯಾದ ಕುರಿನಾಯಿಗಳ ಜೀನೋಮ್ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಇಂದಿನ ಮಂದೆನಾಯಿ ತಳಿಗಳೆಲ್ಲದರ ಪೂರ್ವಜರಿಗೆ ಬದುಕಿರುವವುಗಳಲ್ಲಿ ಅತಿ ಹತ್ತಿರದ್ದು ಈ ನಾಯಿಯೇ ಎಂದು ಅದು ತೋರಿಸಿತು. ತಳಿಪುಸ್ತಕಗಳು ಬರುವ ಮುನ್ನ ಹಡಗು ಹತ್ತಿದ ನಾಯಿಗಳ ಸಂತತಿ ದೂರದ ಮೂಲೆಯಲ್ಲಿ ಹೆಚ್ಚು ಬೆರಕೆಯಾಗದೆ ಉಳಿದಿದೆ. ಇದು ಬೂದು ವೆಲ್ಶ್ ನಾಯಿಯೇ ಎಂದು ಹೇಳಿದಂತಲ್ಲ. ಆದರೆ ಅದು ದುಡಿಯುತ್ತಿದ್ದ ಕಾಲದ ರಕ್ತ ಇನ್ನೂ ಎಲ್ಲೋ ಹರಿಯುತ್ತಿದೆ ಎಂಬುದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಿಯರ್ಡೆಡ್ ಕಾಲಿ, ವೆಲ್ಶ್ ಶೀಪ್‌ಡಾಗ್ ಬೆರೆಸಿ ಅದನ್ನು ಮತ್ತೆ ಹುಟ್ಟಿಸಬಹುದಲ್ಲ?

ರೂಪವನ್ನು ತರಬಹುದು. ನಾಲ್ಕೈದು ತಲೆಮಾರು ಆರಿಸಿ ಆರಿಸಿ ಕೂಡಿಸಿದರೆ ಬೂದು ಜೂಲಿನ ನಾಯಿ ಬರುತ್ತದೆ. ಆದರೆ ಇನ್ನೂರು ಮೈಲಿ ದಾರಿಯ, ಬೇಲಿಯಿಲ್ಲದ ಗುಡ್ಡದ ಬದುಕು ಅದನ್ನು ತಿದ್ದಿತ್ತು. ಆ ತಿದ್ದುವಿಕೆಯನ್ನು ಮರಳಿ ತರಲು ಆಗದು. ಇಂಥ ಹೊಸ ಮರಿಗಳನ್ನು ಹಳೆಯ ಹೆಸರಿನಲ್ಲಿ ಮಾರುವವರು ಸಿಕ್ಕರೆ ಹಣ ಕೊಡಬೇಡಿ. ಆ ಶ್ರಮವನ್ನು ಇನ್ನೂ ಬದುಕಿರುವ ವೆಲ್ಶ್ ನಾಯಿಗೆ ಹಾಕುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದುಕಿರುವುದು ಎಂದರೆ ಯಾವುದು?

ವೆಲ್ಶ್ ಶೀಪ್‌ಡಾಗ್. ಇದು ಬಾರ್ಡರ್ ಕಾಲಿಗಿಂತ ತುಸು ಅಗಲ ಎದೆಯ, ಉದ್ದ ಕಾಲಿನ ನಾಯಿ. ಕೆಂಪು-ಬಿಳುಪು, ಕಪ್ಪು-ಬಿಳುಪು, ಮೂರು ಬಣ್ಣದವು, ಮಚ್ಚೆಬಣ್ಣದವು ಎಲ್ಲ ಇವೆ. 1940ರ ದಶಕದವರೆಗೂ ವೇಲ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದ ಕುರಿನಾಯಿ ಇದೇ. ಆ ಶತಮಾನದ ಉತ್ತರಾರ್ಧದಲ್ಲಿ ಬಾರ್ಡರ್ ಕಾಲಿ ಇದನ್ನೂ ಬದಿಗೊತ್ತಿತು. ಬೂದು ನಾಯಿಗೆ ಆದದ್ದೇ ಇದಕ್ಕೂ ಆಗುವ ಹೊತ್ತಿಗೆ, 1997ರಲ್ಲಿ, ವೆಲ್ಶ್ ಶೀಪ್‌ಡಾಗ್ ಸೊಸೈಟಿ ಹುಟ್ಟಿಕೊಂಡಿತು. ಉಳಿದ ನಾಯಿಗಳನ್ನು ಹುಡುಕಿ ನೋಂದಾಯಿಸುವ ಕೆಲಸಕ್ಕೆ ಕೈಹಾಕಿತು. ಇಲ್ಲೂ ನೋಟಕ್ಕಿಂತ ಕೆಲಸಕ್ಕೇ ಬೆಲೆ. ಹೊವೆಲ್ ದಾನ ಕಾಲದ ಲೆಕ್ಕ ಈಗ ಕಾಗದದ ಮೇಲೂ ಬಂದಿದೆ.

ವೆಲ್ಶ್ ಶೀಪ್‌ಡಾಗ್ ಮರಿಯನ್ನು ಬೆಂಗಳೂರಿಗೆ ತರಿಸಿ ಸಾಕಬಹುದೇ?

ಬೇಡ. ಫ್ಲ್ಯಾಟಿನಲ್ಲಿ ಬೆಳಗ್ಗೆ ಅರ್ಧ ಗಂಟೆ ಸುತ್ತಾಡಿಸಿದರೆ ತಣಿಯುವ ನಾಯಿಯಲ್ಲ ಇದು. ಕೆಲಸ ಸಿಗದಿದ್ದರೆ ಮಕ್ಕಳನ್ನು, ಸೈಕಲ್ಲುಗಳನ್ನು, ಆಟೋಗಳನ್ನು ಹಿಂಡುಗಟ್ಟಲು ಹೊರಡುತ್ತದೆ. ಹಿಮ್ಮಡಿಗೆ ಬಾಯಿ ಹಾಕುವುದೂ ಉಂಟು. ನಮ್ಮ ಸೆಕೆ ಬೇರೆ. ಅದನ್ನು ನೋಡಲೇಬೇಕೆಂಬ ಆಸೆಯಿದ್ದರೆ, ಬ್ರಿಟನ್ನಿಗೆ ಹೋದಾಗ ಜುಲೈ ಕೊನೆಯ ಹೊತ್ತಿಗೆ ಬಿಲ್ತ್ ವೆಲ್ಸ್ ಹತ್ತಿರದ ಲಾನೆಲ್ವೆಥ್‌ನಲ್ಲಿ ನಡೆಯುವ ರಾಯಲ್ ವೆಲ್ಶ್ ಶೋ ಕಡೆಗೆ ಹೋಗಿಬನ್ನಿ. ವೇಲ್ಸ್‌ನ ಕುರಿ, ದನ, ಕುದುರೆಗಳ ದೊಡ್ಡ ಜಾತ್ರೆ ಅದು. ನಾಯಿ ಸಾಕಿದ ರೈತರೂ ಸಿಗುತ್ತಾರೆ. ಅಜ್ಜನ ಕಾಲದ ನಾಯಿಗಳ ಬಗ್ಗೆ ಕೇಳಿ ನೋಡಿ.